ಮಳೆಗಾಲದಲ್ಲಿ ಲೋಳೆ, ಬೂಷ್ಟು, ಹುಳಿ ವಾಸನೆ ಬರದ ಹಾಗೆ ಹಾಲಿನ ಕ್ಯಾನು, ಅಡುಗೆಮನೆ, ಬಚ್ಚಲು ತೊಳೆಯೋದು ಹೇಗೆ: ಕೊಡಗಿನ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೊಡಗಲ್ಲಿ ಜೂನ್‌ನಲ್ಲಿ ಮಳೆ ಹಿಡೀತು ಅಂದ್ರೆ ಸೆಪ್ಟೆಂಬರ್ ಮುಗಿಯೋ ತನಕ ಮನೇಲಿ ಯಾವ ವಸ್ತುನೂ ಪೂರ್ತಿ ಒಣಗಲ್ಲ. ಬೀರು ಒಳಗಿರೋ ಬೆಲ್ಟು ಚಪ್ಪಲಿಗೆ ಬೂಷ್ಟು, ಬಚ್ಚಲ ಮೂಲೇಲಿ ತಿಳಿ ಗುಲಾಬಿ ಬಣ್ಣದ ಲೋಳೆ, ಸಿಂಕಿನ ಜಾಲರಿ ಎತ್ತಿ ಬೆರಳು ಹಾಕಿದ್ರೆ ಜಾರತ್ತೆ, ಹಾಲಿನ ಕ್ಯಾನು ಎಷ್ಟು ತಿಕ್ಕಿದ್ರೂ ಮುಚ್ಚಳ ತೆಗೆದಾಗ ಅದೇ ಹುಳಿ ವಾಸನೆ. ನಮ್ಮನೇಲಿ ಮೂರು ರೂಮಿನ ಹೋಂಸ್ಟೇ ಇದೆ, ಎರಡು ಹಸು ಇದೆ, ಕಾಫಿ ಸ್ವಲ್ಪ ಇದೆ, ಹಾಗಾಗಿ ಈ ಲೋಳೆ ಜೊತೆ ನಾನು ದಿನಾ ಗುದ್ದಾಡೋಳು. ತುಂಬಾ ಜನ ಕೇಳ್ತಾರೆ ಯಾವ ಲಿಕ್ವಿಡ್ ಹಾಕ್ತೀಯ ಅಂತ. ಲಿಕ್ವಿಡ್ ಹೆಸರು ಹೇಳಿಬಿಟ್ರೆ ಆಗಲ್ಲ, ಯಾವುದರ ನಂತರ ಯಾವುದು ಹಾಕ್ತೀರ ಅನ್ನೋದ್ರಲ್ಲೇ ಎಲ್ಲಾ ಇರೋದು, ಅದಕ್ಕೇ ಕೂತು ಪೂರ್ತಿ ಬರೀತಿದ್ದೀನಿ, ಸ್ವಲ್ಪ ಉದ್ದ ಆಗತ್ತೆ, ಸಮಾಧಾನವಾಗಿ ಓದಿ.

ಮೊದಲು ನಾನು ಮಾಡಿದ ತಪ್ಪು ಹೇಳ್ತೀನಿ. ಎರಡು ವರ್ಷದ ಹಿಂದೆ ಕಕ್ಕಡ ತಿಂಗಳಲ್ಲಿ, ಮಳೆ ಬಿಡದೆ ಸುರೀತಿದ್ದಾಗ, ನಾವು ಹಾಲು ಹಾಕೋ ಕಡೆಯಿಂದ ಸತತ ಮೂರು ದಿನ ಹಾಲು ವಾಪಸ್ ಬಂತು. ಟೆಸ್ಟಲ್ಲಿ ನಿಲ್ತಿಲ್ಲ ಅಂದ್ರು. ಎಂಬಿಆರ್‌ಟಿ ಅಂತ ಒಂದು ಟೆಸ್ಟ್ ಇದೆ, ಹಾಲಿಗೆ ಮೀಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣ ಹಾಕಿ ಬೆಚ್ಚಗೆ ಇಡ್ತಾರೆ, ಹಾಲಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಇದ್ದಷ್ಟೂ ಆ ನೀಲಿ ಬೇಗ ಮಾಯ ಆಗತ್ತೆ. ನಮ್ಮ ಹಾಲಿಂದು ಬೇಗ ಬೇಗ ಬೆಳ್ಳಗಾಗ್ತಿತ್ತು. ಹಸು ಆರೋಗ್ಯವಾಗಿತ್ತು, ಕೆಚ್ಚಲು ತೊಳೆದೇ ಕರೀತಿದ್ವಿ. ನಾನು ಆ ಮಳೆಗಾಲ ಪೂರ್ತಿ ಕ್ಯಾನು ತೊಳೆಯೋಕೆ ಒಂದೇ ಬಕೆಟ್‌ಗೆ ಸೋಪಿನ ಪುಡಿನೂ ಹಾಕಿ ಅದಕ್ಕೇ ಕೋಳಿ ಫಾರಂನಲ್ಲಿ ಬಳಸೋ ಬಿಕೆಸಿ ಅನ್ನೋ ಸೂಕ್ಷ್ಮಜೀವಿ ಕೊಲ್ಲೋ ಔಷಧಿನೂ ಹಾಕಿ, ಎರಡೂ ಸೇರಿದ್ರೆ ಡಬಲ್ ಕೆಲಸ ಮಾಡತ್ತೆ ಅಂದ್ಕೊಂಡು ತಿಕ್ತಿದ್ದೆ. ಎರಡೂ ಸೇರಿ ಒಂದನ್ನೊಂದು ಕೊಂದ್ಕೊಂಡು ಕ್ಯಾನಿಗೆ ಏನೂ ಉಪಯೋಗ ಆಗ್ತಿರಲಿಲ್ಲ ಅಂತ ಗೊತ್ತಾಗೋಕೆ ಮೂರು ದಿನದ ಹಾಲು ಚೆಲ್ಲಬೇಕಾಯ್ತು.

ಲೋಳೆ ಅಂದ್ರೆ ಏನು

ಬ್ಯಾಕ್ಟೀರಿಯಾ ನೀರಲ್ಲಿ ಒಂದೊಂದಾಗಿ ತೇಲ್ತಾ ಇದ್ದಾಗ ಸಾಯಿಸೋದು ಸುಲಭ. ಅದು ಪಾತ್ರೆ ಗೋಡೆಗೋ ಟೈಲ್ಸ್ ಸಂದಿಗೋ ಮೊದಲು ಸುಮ್ಮನೆ ತಾಗಿಕೊಂಡಿರತ್ತೆ, ಆಗ ನೀರು ಹಾಕಿ ಉಜ್ಜಿದ್ರೆ ಹೋಗತ್ತೆ. ಅಲ್ಲೇ ಜಿಡ್ಡೋ ಹಾಲಿನ ಪಸೆಯೋ ಸಿಕ್ಕಿ, ಹಸಿ ಹಸಿಯಾಗೂ ಇತ್ತು ಅಂದ್ರೆ ಕೆಲವೇ ಗಂಟೇಲಿ ತನ್ನ ಸುತ್ತ ಅಂಟು ಬಿಟ್ಕೊಂಡು ಮನೆ ಕಟ್ಟತ್ತೆ. ಅದನ್ನೇ ಬಯೋಫಿಲ್ಮ್ ಅನ್ನೋದು, ನಮ್ಮ ಕೈಗೆ ಲೋಳೆ ಅಂತ ಸಿಗೋದು ಅದೇ. ಹಲ್ಲಿನ ಮೇಲೆ ಬೆಳಿಗ್ಗೆ ಎದ್ದಾಗ ಇರೋ ಪಾಚಿನೂ ಅದೇ ಜಾತಿ, ಹಾಲೆಂಡಿನ ಲೇವೆನ್‌ಹುಕ್ ಅನ್ನೋ ವಿಜ್ಞಾನಿ 1683ರಲ್ಲಿ ತನ್ನ ಹಲ್ಲಿಂದ ಕೆರೆದು ಭೂತಗನ್ನಡಿಲಿ ನೋಡಿ ಬರೆದಿದ್ದು ಈ ಗುಂಪನ್ನೇ. ಲೋಳೆ ಒಳಗೆ ಕೂತಿರೋ ಬ್ಯಾಕ್ಟೀರಿಯಾಗೆ ಔಷಧಿ ತಾಗೋದೇ ಕಷ್ಟ, ತೇಲೋ ಬ್ಯಾಕ್ಟೀರಿಯಾ ಸಾಯೋ ಪ್ರಮಾಣಕ್ಕಿಂತ ಹತ್ತಾರು ಪಟ್ಟು, ಕೆಲವು ಸಲ ಸಾವಿರ ಪಟ್ಟು ಜಾಸ್ತಿ ಬೇಕಾಗತ್ತೆ. ಅಷ್ಟು ಔಷಧಿ ಸುರಿಯೋಕೆ ಆಗಲ್ಲ, ಸುರಿಲೂಬಾರದು. ಅದಕ್ಕೇ ಮೊದಲು ಮನೆ ಒಡೀಬೇಕು, ಆಮೇಲೆ ಔಷಧಿ.

ಸೋಪು ಒಂದು ಕಡೆ, ಬಿಕೆಸಿ ಇನ್ನೊಂದು ಕಡೆ

ಸೋಪು, ಸೋಪಿನ ಪುಡಿ, ಪಾತ್ರೆ ತೊಳೆಯೋ ಲಿಕ್ವಿಡ್, ಬಿಕೆಸಿ, ಇವೆಲ್ಲಾ ಸರ್ಫ್ಯಾಕ್ಟೆಂಟ್ ಅನ್ನೋ ಒಂದೇ ಕುಟುಂಬ. ಎಲ್ಲದಕ್ಕೂ ನೀರಿಗೆ ಹೊಂದೋ ಒಂದು ತಲೆ, ಎಣ್ಣೆಗೆ ಹೊಂದೋ ಒಂದು ಉದ್ದ ಬಾಲ. ಬಾಲ ಜಿಡ್ಡಿಗೆ ಚುಚ್ಚಿಕೊಳ್ಳತ್ತೆ, ತಲೆ ನೀರು ಹಿಡ್ಕೊಳ್ಳತ್ತೆ, ಜಿಡ್ಡು ಪಾತ್ರೆ ಬಿಟ್ಟು ನೀರಿನ ಜೊತೆ ಹೋಗತ್ತೆ. ವ್ಯತ್ಯಾಸ ಇರೋದು ತಲೇಲಿ. ಸೋಪು ಮತ್ತೆ ಸೋಪಿನ ಪುಡಿಯ ತಲೆಗೆ ಋಣ ಚಾರ್ಜ್, ಬಿಕೆಸಿ ತಲೆಗೆ ಧನ ಚಾರ್ಜ್. ಬ್ಯಾಕ್ಟೀರಿಯಾದ ಹೊರಮೈ ಋಣ ಚಾರ್ಜ್ ಇರೋದು, ಹಾಗಾಗಿ ಬಿಕೆಸಿ ಅದನ್ನ ಹುಡುಕ್ಕೊಂಡು ಹೋಗಿ ಅಂಟ್ಕೊಂಡು ಬಾಲನ ಅದರ ಪೊರೆ ಒಳಗೆ ತೂರಿಸತ್ತೆ, ಪೊರೆ ತೂತಾಗಿ ಒಳಗಿರೋದೆಲ್ಲ ಸೋರಿ ಸಾಯತ್ತೆ. ಸೋಪು ಮುಖ್ಯವಾಗಿ ಕಿತ್ತು ಹಾಕತ್ತೆ, ಬಿಕೆಸಿ ಮುಖ್ಯವಾಗಿ ಕೊಲ್ಲತ್ತೆ.

ಬಿಕೆಸಿ ಅಂದ್ರೆ ಬೆಂಜಾಲ್ಕೋನಿಯಂ ಕ್ಲೋರೈಡ್. ಇದು ಹೊಸದೇನಲ್ಲ, ಜರ್ಮನಿಯ ಗೆರ್ಹಾರ್ಡ್ ಡೊಮಾಕ್ 1935ರಲ್ಲೇ ಇದು ಸೂಕ್ಷ್ಮಜೀವಿ ಕೊಲ್ಲತ್ತೆ ಅಂತ ತೋರಿಸಿದ್ರು, ಸಲ್ಫಾ ಔಷಧಿಗೆ 1939ರ ನೊಬೆಲ್ ಬಂತಲ್ಲ, ಅವರೇ. ನೆಲ ಒರೆಸೋ ಲೈಜಾಲ್‌ನಲ್ಲಿ ಕೆಲಸ ಮಾಡೋದು ಇದೇ. ಸ್ಯಾವ್ಲಾನ್‌ನಲ್ಲಿರೋ ಸೆಟ್ರಿಮೈಡ್ ಇದರ ದಾಯಾದಿ. ಡೆಟಾಲ್ ಬೇರೆ, ಅದರಲ್ಲಿರೋದು ಕ್ಲೋರೋಕ್ಸಿಲೆನಾಲ್, ಇಲ್ಲಿ ಬರೆದಿರೋ ಲೆಕ್ಕ ಅದಕ್ಕೆ ಹೊಂದಲ್ಲ.

ಸೋಪು ಬಿಕೆಸಿ ಸೇರಿದ್ರೆ ಏನಾಗತ್ತೆ ಅಂತ ಕಣ್ಣಾರೆ ನೋಡ್ಬೇಕು ಅಂದ್ರೆ ಹೀಗೆ ಮಾಡಿ. ಎರಡು ಗಾಜಿನ ಲೋಟ ತಗೊಳ್ಳಿ, ಒಂದರಲ್ಲಿ ಅರ್ಧ ಲೋಟ ನೀರಿಗೆ ಒಂದು ಚಿಟಿಕೆ ಸೋಪಿನ ಪುಡಿ ಹಾಕಿ ಕರಗಿಸಿ ತಿಳಿಯಾಗೋಕೆ ಬಿಡಿ, ಇನ್ನೊಂದರಲ್ಲಿ ನೀರಿಗೆ ಎರಡು ಮೂರು ಹನಿ ಬಿಕೆಸಿ. ಎರಡನೇದನ್ನ ಮೊದಲನೇದಕ್ಕೆ ನಿಧಾನ ಹೊಯ್ಯಿರಿ. ತಿಳಿ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗತ್ತೆ. ಧನ ತಲೆ ಋಣ ತಲೆ ಒಂದಕ್ಕೊಂದು ಅಂಟ್ಕೊಂಡು ಕೆಳಗೆ ಬೀಳೋಕೆ ಶುರುವಾದ ಕಸ ಅದು. ನಾನು ಆ ಮಳೆಗಾಲ ಪೂರ್ತಿ ಕ್ಯಾನಿಗೆ ಬಳೀತಿದ್ದಿದ್ದು ಈ ಬಿಳಿ ಕಸನೇ. ನಮ್ಮನೇಲಿ ಕೆಲಸಕ್ಕೆ ಬರೋ ಅಕ್ಕನಿಗೂ ಈ ಲೋಟ ತೋರಿಸಿದೆ, ಆಮೇಲೆ ಯಾವತ್ತೂ ಎರಡು ಸೇರಿಸಿಲ್ಲ, ಹತ್ತು ಸಲ ಬಾಯಲ್ಲಿ ಹೇಳೋದಕ್ಕಿಂತ ಆ ಲೋಟ ಒಂದು ಸಲ ತೋರಿಸೋದು ವಾಸಿ.

ಏನೇನು ಬೇಕು

ಬಿಕೆಸಿ ಪಶು ಔಷಧಿ ಅಂಗಡಿಲಿ, ಕೋಳಿ ಫೀಡ್ ಮಾರೋ ಕಡೆ ಸಿಗತ್ತೆ, ಸಾಮಾನ್ಯವಾಗಿ 50 ಪರ್ಸೆಂಟ್ ಅಥವಾ 80 ಪರ್ಸೆಂಟ್. ಲೇಬಲ್ ನೋಡಿ ತಗೊಳ್ಳಿ, ಬೇರೆ ರಾಸಾಯನಿಕ ಸೇರಿಸಿರೋ ಮಿಕ್ಸ್ ಔಷಧಿ ಪಾತ್ರೆಗೆ ಬೇಡ. ಮೆಡಿಕಲ್ ಶಾಪಿಂದ 5 ಎಂಎಲ್‌ದು ಸೂಜಿ ಇಲ್ಲದ ಸಿರಿಂಜ್ ಒಂದು, ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಅಳತೆ ಗುರುತು ಮಾಡಿದ ಬಕೆಟ್ ಎರಡು, ಬಾಟಲಿ ತೊಳೆಯೋ ಉದ್ದ ಬ್ರಷ್, ಹಳೇ ಟೂತ್ ಬ್ರಷ್, ತೆಂಗಿನ ನಾರು. ಬಕೆಟ್ ಎರಡು ಬೇರೆ ಬೇರೆ ಬಣ್ಣದ್ದೇ ಇರಲಿ, ನಮ್ಮನೇಲಿ ನೀಲಿ ಸೋಪಿಗೆ, ಕೆಂಪು ಬಿಕೆಸಿಗೆ, ಅದು ಅದಲು ಬದಲು ಆಗಕೂಡದು.

ಅಳತೆ ಲೆಕ್ಕ ಹೀಗೆ. ಪಾತ್ರೆ, ಕ್ಯಾನು, ಅಡುಗೆ ಕಟ್ಟೆ ಇಂಥ ಆಹಾರ ತಾಗೋ ಜಾಗಕ್ಕೆ 200 ಪಿಪಿಎಂ ಸಾಕು, ಅಂದ್ರೆ ಹತ್ತು ಲಕ್ಷ ಭಾಗಕ್ಕೆ 200 ಭಾಗ, ನೂರಕ್ಕೆ 0.02. 50 ಪರ್ಸೆಂಟ್ ಬಿಕೆಸಿ ಆದ್ರೆ 10 ಲೀಟರ್ ನೀರಿಗೆ 4 ಎಂಎಲ್, 80 ಪರ್ಸೆಂಟ್ ಆದ್ರೆ ಎರಡೂವರೆ ಎಂಎಲ್. ಬಚ್ಚಲು, ಮೋರಿ, ನೆಲಕ್ಕೆ 1000 ಪಿಪಿಎಂ, ಅಂದ್ರೆ 10 ಲೀಟರ್‌ಗೆ 50 ಪರ್ಸೆಂಟಿಂದು 20 ಎಂಎಲ್, 80 ಪರ್ಸೆಂಟಿಂದು ಹನ್ನೆರಡೂವರೆ ಎಂಎಲ್. ನೋಡೋಕೆ ತುಂಬಾ ಕಮ್ಮಿ ಅನ್ಸತ್ತೆ, ಕೈ ಇನ್ನೊಂದು ಮುಚ್ಚಳ ಹಾಕು ಅನ್ನತ್ತೆ, ಹಾಕಬೇಡಿ. ಹಾಗಂತ ಉಳಿಸೋಕೆ ಹೋಗಿ ಅರ್ಧ ಡೋಸೂ ಬೇಡ. ಸಾಯದಷ್ಟು ಕಮ್ಮಿ ಔಷಧಿ ದಿನಾ ತಾಗ್ತಾ ಇದ್ರೆ ಅದನ್ನ ತಡ್ಕೊಳ್ಳೋ ಬ್ಯಾಕ್ಟೀರಿಯಾನೇ ಉಳ್ಕೊಂಡು ಬೆಳೆಯತ್ತೆ, ಬಿಕೆಸಿನ ತನ್ನೊಳಗಿಂದ ಹೊರಗೆ ಪಂಪ್ ಮಾಡೋ ಜೀನ್ ಇರೋ ಬ್ಯಾಕ್ಟೀರಿಯಾ ಇದ್ದೇ ಇದೆ.

ಬಕೆಟ್‌ಗೆ ಮೊದಲು ನೀರು, ಆಮೇಲೆ ಬಿಕೆಸಿ. ಮೊದಲು ಬಿಕೆಸಿ ಹಾಕಿ ನೀರು ಬಿಟ್ರೆ ನೊರೆ ಉಕ್ಕಿ ಕಣ್ಣಿಗೆ ಚಿಮ್ಮತ್ತೆ, ಗಟ್ಟಿ ಬಿಕೆಸಿ ಕಣ್ಣಿಗೆ ಬಿದ್ರೆ ಸುಟ್ಟು ಹಾಕತ್ತೆ. ಬಿದ್ರೆ ಹದಿನೈದು ಇಪ್ಪತ್ತು ನಿಮಿಷ ಹರಿಯೋ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಯಾರಾದ್ರೂ ಕುಡಿದ್ಬಿಟ್ರೆ ವಾಂತಿ ಮಾಡ್ಸಬೇಡಿ, ಬಾಟಲಿ ಕೈಲಿ ಹಿಡ್ಕೊಂಡೇ ಆಸ್ಪತ್ರೆಗೆ ಓಡಿ. ಜ್ಯೂಸ್ ಬಾಟಲಿಗೆ, ನೀರಿನ ಬಾಟಲಿಗೆ ಇದನ್ನ ಯಾವ ಕಾರಣಕ್ಕೂ ಬಗ್ಗಿಸಿಡಬೇಡಿ, ಹೋಂಸ್ಟೇ ಇರೋ ಮನೇಲಂತೂ ಬೀಗ ಹಾಕೋ ಕಪಾಟಲ್ಲೇ ಇಡಿ.

ಹಾಲಿನ ಕ್ಯಾನು: ಹೆಜ್ಜೆ ಹೆಜ್ಜೆಯಾಗಿ

ಇದನ್ನೇ ವಿವರವಾಗಿ ಹೇಳ್ತೀನಿ, ಇದು ಬಂದ್ರೆ ಬೇರೆ ಎಲ್ಲಾ ಪಾತ್ರೆನೂ ಬಂದ ಹಾಗೆ.

ಮೊದಲನೇ ಹೆಜ್ಜೆ, ಹಾಲು ಖಾಲಿ ಆದ ತಕ್ಷಣ ನೀರು ಹಾಕಿ ಗಲಬರಿಸಿ ಚೆಲ್ಲೋದು. ನೀರು ತಣ್ಣಗೋ ಉಗುರು ಬೆಚ್ಚಗೋ ಇರಲಿ. ಕುದಿಯೋ ನೀರು ಹಾಕಿದ್ರೆ ಹಾಲಿನ ಪ್ರೊಟೀನ್ ಬೆಂದು ಗೋಡೆಗೆ ಅಂಟ್ಕೊಳ್ಳತ್ತೆ, ಆಮೇಲೆ ಅದನ್ನ ಕೀಳೋದು ಕಷ್ಟ. ಡೈರಿಯಿಂದ ಬಂದ ಕ್ಯಾನು ಸಂಜೆ ತನಕ ಮೂಲೇಲಿ ಬಿಟ್ರೆ ಅಷ್ಟೊತ್ತಿಗೆ ಲೋಳೆ ಶುರುವಾಗಿರತ್ತೆ, ಏನಿಲ್ಲಾ ಅಂದ್ರೂ ಒಂದು ಚೆಂಬು ನೀರು ಹಾಕಿ ಅಲ್ಲಾಡಿಸಿ ಚೆಲ್ಲಿ ಇಡಿ.

ಎರಡನೇದು ತಿಕ್ಕೋದು. ಈಗ ನೀಲಿ ಬಕೆಟ್, ಕೈಗೆ ತಡೆಯೋಷ್ಟು ಬಿಸಿ ನೀರು, ಪಾತ್ರೆ ತೊಳೆಯೋ ಲಿಕ್ವಿಡ್. ಇಲ್ಲಿ ಬಿಸಿ ಬೇಕು, ಕೊಬ್ಬು ಕರಗ್ಬೇಕಲ್ಲ. ಒಳಗೋಡೆ ಎಲ್ಲರೂ ಚೆನ್ನಾಗೇ ತಿಕ್ತಾರೆ. ಲೋಳೆ ಕೂರೋದು ಬೇರೆ ಕಡೆ. ಕ್ಯಾನಿನ ಕತ್ತು ಒಳಕ್ಕೆ ಬಗ್ಗೋ ಜಾಗದಲ್ಲಿ ಮೇಲಿನ ತುಟಿ ಕೆಳಗೆ ತೋರುಬೆರಳು ಮಡಚಿ ಹಾಕಿ ಒಂದು ಸುತ್ತು ಎಳೀರಿ. ಸ್ವಚ್ಛ ಇದ್ರೆ ಬೆರಳು ಕಿರಕ್ ಅಂತ ತಡೆಯತ್ತೆ, ಲೋಳೆ ಇದ್ರೆ ಬೆಣ್ಣೆ ಮೇಲೆ ಹೋದ ಹಾಗೆ ಜಾರತ್ತೆ, ಹೊರಗೆ ತೆಗೆದು ಮೂಸಿದ್ರೆ ಹುಳಿ. ಆಮೇಲೆ ಮುಚ್ಚಳದ ರಬ್ಬರ್ ರಿಂಗು, ಅದನ್ನ ಬಿಚ್ಚದೆ ತೊಳೆದ್ರೆ ತೊಳೆದ ಹಾಗೇ ಅಲ್ಲ. ನಾನು ಆ ವರ್ಷ ಮೊದಲನೇ ಸಲ ರಿಂಗು ಎಬ್ಬಿಸಿ ನೋಡಿದಾಗ ಅದರ ಹಿಂದಿನ ಸಂದಿಲಿ ಹಳದಿ ಬಣ್ಣದ ಮೆತ್ತಗಿರೋ ಒಂದು ಎಳೆ ಸುತ್ತಲೂ ಕೂತಿತ್ತು, ಟೂತ್ ಬ್ರಷ್‌ನಲ್ಲಿ ಎಳೆದ್ರೆ ದಾರದ ಥರ ಎದ್ದು ಬಂತು. ರಬ್ಬರ್ ಬಿರುಕು ಬಿಟ್ಟಿದ್ರೆ ತೊಳೆಯೋಕೆ ಕೂರಬೇಡಿ, ಹೊಸದು ಹಾಕ್ಸಿ, ಬಿರುಕೊಳಗೆ ಯಾವ ಬ್ರಷ್ಷೂ ಹೋಗಲ್ಲ. ಅಲ್ಯೂಮಿನಿಯಂ ಕ್ಯಾನಿಗೆ ವಾಷಿಂಗ್ ಸೋಡಾ ಹಾಕಿ ನೆನೆಸಿಡಬೇಡಿ, ಲೋಹ ತಿಂದು ಒಳಗೆಲ್ಲಾ ಸಣ್ಣ ಸಣ್ಣ ಗುಳಿ ಬೀಳತ್ತೆ, ಆ ಗುಳಿಗಳೇ ಬ್ಯಾಕ್ಟೀರಿಯಾಗೆ ಗೂಡು. ಸ್ಟೀಲ್ ವುಲ್‌ನಲ್ಲಿ ಗೀಚೋದಕ್ಕೂ ಇದೇ ಮಾತು. ಒಳಗೆ ಬಿಳಿ ಪದರ ಗಟ್ಟಿಯಾಗಿ ಕೂತಿದ್ರೆ ಅದು ಹಾಲಿನ ಕ್ಯಾಲ್ಸಿಯಂ, ಸೋಪಿಗೆ ಬಗ್ಗಲ್ಲ, ವಾರಕ್ಕೊಂದು ಸಲ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರಲ್ಲಿ ಐದು ನಿಮಿಷ ಉಜ್ಜಿ ತೊಳೀರಿ, ಜಾಸ್ತಿ ಹೊತ್ತು ಬಿಡಬೇಡಿ.

ಮೂರನೇ ಹೆಜ್ಜೆ ಜಾಲಾಡೋದು, ಎಲ್ಲರೂ ಅವಸರ ಮಾಡೋದು ಇಲ್ಲೇ. ಸೋಪು ಸ್ವಲ್ಪ ಉಳಿದ್ರೂ ಮುಂದೆ ಹಾಕೋ ಬಿಕೆಸಿ ದಂಡ, ಲೋಟದಲ್ಲಿ ನೋಡಿದ್ರಲ್ಲ. ಕನಿಷ್ಠ ಎರಡು ಸಲ ಹೊಸ ನೀರು. ನಮ್ಮ ಕಡೆ ನೀರು ಮೆದು, ಸೋಪು ಬೇಗ ನೊರೆ ಬರತ್ತೆ, ಅಷ್ಟೇ ತಡವಾಗಿ ಹೋಗತ್ತೆ. ಸರಿಯಾಗಿ ಹೋಗಿದೆಯಾ ನೋಡೋಕೆ ಒಳಗೋಡೆ ಮೇಲೆ ನೀರು ಬಿಟ್ಟು ಬೆಳಕಿಗೆ ಹಿಡೀರಿ. ನೀರು ಒಂದೇ ಹಾಳೆ ಥರ ಸಮವಾಗಿ ಇಳಿದ್ರೆ ಜಿಡ್ಡು ಹೋಗಿದೆ. ಹನಿ ಹನಿಯಾಗಿ ಒಡೆದು ಅಲ್ಲಲ್ಲಿ ದ್ವೀಪ ಆದ್ರೆ ಆ ಜಾಗದಲ್ಲಿ ಇನ್ನೂ ಕೊಬ್ಬಿದೆ, ವಾಪಸ್ ಎರಡನೇ ಹೆಜ್ಜೆಗೆ ಹೋಗಿ. ನೊರೆ ಉಳಿದಿದೆಯಾ ಅಂತ ಕೊನೇ ಜಾಲಾಡಿದ ನೀರನ್ನ ಬಕೆಟ್‌ಗೆ ಎತ್ತರದಿಂದ ಸುರಿದು ನೋಡಿ, ಗುಳ್ಳೆ ಕ್ಷಣದಲ್ಲಿ ಒಡೀಬೇಕು.

ನಾಲ್ಕನೇದು ಬಿಕೆಸಿ. ಕೆಂಪು ಬಕೆಟ್, 200 ಪಿಪಿಎಂ, ಹೊಸದಾಗಿ ಕಲಸಿದ್ದು. ಎರಡು ಮೂರು ಲೀಟರ್ ಕ್ಯಾನಿಗೆ ಹಾಕಿ ಮುಚ್ಚಳ ಮುಚ್ಚಿ ಮಲಗಿಸಿ ಉರುಳಿಸಿ, ತಲೆಕೆಳಗೆ ಮಾಡಿ, ಕತ್ತಿನ ಒಳಗಡೆಗೂ ತಾಗ್ಬೇಕು. ಮುಚ್ಚಳ, ರಿಂಗು ಬಕೆಟಲ್ಲೇ ಮುಳುಗಿಸಿ. ಹತ್ತು ನಿಮಿಷ ಬಿಡಿ. ಈ ಹತ್ತು ನಿಮಿಷ ಮೇಲ್ಮೈ ಹಸಿಯಾಗೇ ಇರಬೇಕು, ಹಾಕಿ ತಕ್ಷಣ ಒರೆಸಿದ್ರೆ ಏನೂ ಆಗಿರಲ್ಲ. ಬೇಸಿಗೇಲಿ ಒಣಗತ್ತೆ ಅಂತ ಮತ್ತೆ ಮತ್ತೆ ಹಾಕ್ಬೇಕು, ಮಳೆಗಾಲದಲ್ಲಿ ಆ ತಾಪತ್ರಯ ಇಲ್ಲ.

ಐದನೇದು, ಕೊನೇ ನೀರು. 200 ಪಿಪಿಎಂ ಪ್ರಮಾಣದಲ್ಲಿ ಆಹಾರ ತಾಗೋ ಪಾತ್ರೆಗೆ ಹಾಕಿ ಬಸಿದು ಹಾಗೇ ಒಣಗಿಸೋ ಪದ್ಧತಿ ಅಮೆರಿಕದಲ್ಲಿ ಇದೆ, ಅಲ್ಲಿನ ನಿಯಮನೂ ಒಪ್ಪತ್ತೆ. ಆದ್ರೆ ಹಾಲಿನ ಕ್ಯಾನಿಗೆ ನಾನು ಒಪ್ಪಲ್ಲ, ಕುದಿಸಿ ಆರಿಸಿದ ನೀರಲ್ಲಿ ಒಂದು ಸಲ ಜಾಲಾಡ್ಲೇಬೇಕು. ಬಿಕೆಸಿ ಸ್ವಲ್ಪ ಹಾಲಿಗೆ ಸೇರಿದ್ರೂ ಮೊಸರು ಮಾಡೋ ಬ್ಯಾಕ್ಟೀರಿಯಾಗೆ ಅದು ವಿಷ, ಹೆಪ್ಪು ಸರಿಯಾಗಿ ಕೂರಲ್ಲ. ಇದನ್ನೇ ಮನೆಲಿ ಪರೀಕ್ಷೆಗೂ ಬಳಸ್ಕೋಬಹುದು: ಅದೇ ಕ್ಯಾನಿನ ಹಾಲಲ್ಲಿ ಒಂದು ಲೋಟ, ಕರೆದ ತಕ್ಷಣ ತೆಗೆದಿಟ್ಟ ಹಾಲಲ್ಲಿ ಒಂದು ಲೋಟ, ಎರಡನ್ನೂ ಕಾಯಿಸಿ ಒಂದೇ ಹೆಪ್ಪು ಒಂದೇ ಜಾಗದಲ್ಲಿ ಇಡಿ. ಕ್ಯಾನಿಂದು ಮಾತ್ರ ನೀರು ನೀರಾಗಿ ಉಳೀತು ಅಂದ್ರೆ ಔಷಧಿ ಉಳಿದಿದೆಯಾ ಅಂತ ಮೊದಲು ನೋಡಿ.

ಆರನೇದು ಒಣಗಿಸೋದು. ಲೋಳೆ ತಡೆಯೋದ್ರಲ್ಲಿ ಅರ್ಧ ಕೆಲಸ ಇದೇ. ಕ್ಯಾನು ನೆಲದ ಮೇಲೆ ಬೋರಲು ಹಾಕಿದ್ರೆ ಒಳಗೆ ಆವಿ ನಿಂತು ಬೆಳಿಗ್ಗೆ ಬೆವರಿರತ್ತೆ. ಎರಡು ಮರದ ಪಟ್ಟಿ ಮೇಲೆ ಬೋರಲು ಇಡಿ, ಕೆಳಗಿಂದ ಗಾಳಿ ಆಡ್ಬೇಕು. ನಮ್ಮನೇಲಿ ಬಚ್ಚಲ ಹಂಡೆ ಒಲೆ ಪಕ್ಕ ಒಂದು ಕಟ್ಟೆ ಇದೆ, ಮಳೆಗಾಲ ಪೂರ್ತಿ ಕ್ಯಾನಿನ ಜಾಗ ಅದೇ. ಹಿಂದಿನವರು ಒಲೆ ಮೇಲೆ ಅಟ್ಟ ಕಟ್ಟಿ ಎಲ್ಲಾ ಅಲ್ಲಿ ಇಡ್ತಿದ್ದಿದ್ದು ಎಷ್ಟು ಸರಿ ಅಂತ ಈ ಲೋಳೆ ವಿಷಯ ತಿಳಿದ ಮೇಲೆ ಅರ್ಥ ಆಯ್ತು, ನೀರಿಲ್ಲದೆ ಯಾವ ಬ್ಯಾಕ್ಟೀರಿಯಾನೂ ಮನೆ ಕಟ್ಟಲ್ಲ.

ಹೀಗೆ ಶುರು ಮಾಡಿ ಒಂದು ವಾರಕ್ಕೆ ನಮ್ಮ ಹಾಲು ಟೆಸ್ಟಲ್ಲಿ ನಿಂತಿತು, ಆಮೇಲೆ ವಾಪಸ್ ಬಂದಿಲ್ಲ.

ಅಡುಗೆಮನೆ

ಪಂದಿ ಕರಿ ಮಾಡಿದ ದಿನ ಸಿಂಕು, ಕಟ್ಟೆ, ಚಾಕು ಎಲ್ಲದಕ್ಕೂ ಕೊಬ್ಬು ಮೆತ್ತಿರತ್ತೆ. ಅದರ ಮೇಲೆ ಬಿಕೆಸಿ ಸುರಿದ್ರೆ ಅದು ಕೊಬ್ಬಲ್ಲೇ ಮುಗಿದು ಹೋಗತ್ತೆ. ಮೇಲೆ ಹೇಳಿದ ಕ್ರಮನೇ: ಕೆರೆದು ತೆಗೀರಿ, ಬಿಸಿ ನೀರು ಲಿಕ್ವಿಡ್, ಜಾಲಾಡಿ, ಆಮೇಲೆ 200 ಪಿಪಿಎಂ ಹತ್ತು ನಿಮಿಷ. ಪ್ಲಾಸ್ಟಿಕ್ ಕಟಿಂಗ್ ಬೋರ್ಡಲ್ಲಿ ಚಾಕು ಗೀರು ಆಳ ಆಗಿ ಕಪ್ಪಾಗಿದ್ರೆ ಬಿಸಾಕಿ. ಮಾಂಸ ಕೊಚ್ಚೋ ಮರದ ಕೊರಡಿಗೆ ಬಿಕೆಸಿ ಬೇಡ ಅನ್ನೋದು ನನ್ನ ಅಭಿಪ್ರಾಯ, ಮರ ಔಷಧಿನ ಹೀರ್ಕೊಂಡ್ಬಿಡತ್ತೆ, ಕೆಲಸನೂ ಆಗಲ್ಲ ಆಮೇಲೆ ಮಾಂಸಕ್ಕೂ ತಾಗತ್ತೆ. ಕೊರಡನ್ನ ಕತ್ತಿ ಬೆನ್ನಲ್ಲಿ ಕೆರೆದು, ಸೋಪು ಹಾಕಿ ಉಜ್ಜಿ, ಕುದಿಯೋ ನೀರು ಸುರಿದು, ಒಲೆ ಹತ್ರ ನಿಲ್ಲಿಸಿ ಒಣಗಿಸಿ. ನೂಪುಟ್ಟು ಒತ್ತೋ ಒರಳಿನ ತೂತುಗಳಲ್ಲಿ ಹಿಟ್ಟು ಒಣಗೋಕೆ ಬಿಡದೆ ತಕ್ಷಣ ನೀರಲ್ಲಿ ಹಾಕಿದ್ರೆ ಸಾಕು.

ಒರೆಸೋ ಬಟ್ಟೆ ಬಗ್ಗೆ ಒಂದು ಮಾತು. ಹತ್ತಿ ಬಟ್ಟೆಗೂ ಋಣ ಚಾರ್ಜ್, ಬಿಕೆಸಿ ನೀರಲ್ಲಿ ಅದನ್ನ ನೆನೆಸಿಟ್ರೆ ಔಷಧಿಯ ದೊಡ್ಡ ಪಾಲು ಬಟ್ಟೇನೇ ಹಿಡ್ಕೊಂಡು ಕಟ್ಟೆಗೆ ಬರೀ ನೀರು ಬರತ್ತೆ. ಮಗ್ಗಲ್ಲಿ ಸುರಿದು ಹರಡಿ, ಇಲ್ಲಾ ಸಿಂಥೆಟಿಕ್ ಬಟ್ಟೆ ಬಳಸಿ. ಸ್ಪ್ರೇ ಬಾಟಲಿಲಿ ಮಂಜಿನ ಹಾಗೆ ಹೊಡೆಯೋದು ಬೇಡ, ಅದು ಉಸಿರಲ್ಲಿ ಒಳಗೆ ಹೋದ್ರೆ ಗಂಟಲು ಕೆರೆತ, ಆಸ್ತಮಾ ಇರೋರಿಗೆ ಉಬ್ಬಸ.

ಬಚ್ಚಲು, ಮೋರಿ, ಗೋಡೆ, ಅಂಗಳ

ಬಚ್ಚಲ ಗುಲಾಬಿ ಲೋಳೆ ಹೆಚ್ಚಾಗಿ ಸೆರೇಷಿಯಾ ಅನ್ನೋ ಬ್ಯಾಕ್ಟೀರಿಯಾ, ಸೋಪಿನ ಪಸೆ ಶ್ಯಾಂಪೂ ಪಸೆ ತಿಂದ್ಕೊಂಡು ಬೆಳೆಯತ್ತೆ. ಗಟ್ಟಿ ಬ್ರಷ್‌ನಲ್ಲಿ ಉಜ್ಜಿ, ಜಾಲಾಡಿ, 1000 ಪಿಪಿಎಂ ಹಾಕಿ ಹತ್ತು ನಿಮಿಷ ಬಿಟ್ಟು ನೀರು ಹಾಕಿ, ಕೊನೆಗೆ ವೈಪರ್‌ನಲ್ಲಿ ನೀರೆಲ್ಲಾ ಎಳೆದು ಬಿಡಿ. ವೈಪರ್ ಎಳೆಯೋದು ಬಿಟ್ರೆ ನಾಲ್ಕೇ ದಿನಕ್ಕೆ ವಾಪಸ್. ಟಾಯ್ಲೆಟ್‌ಗೆ ಹಾಕೋ ಆಸಿಡ್ ಕ್ಲೀನರ್, ಬ್ಲೀಚಿಂಗ್, ಬಿಕೆಸಿ, ಯಾವುದನ್ನೂ ಇನ್ನೊಂದರ ಜೊತೆ ಸೇರಿಸಬೇಡಿ, ಆಸಿಡ್ ಬ್ಲೀಚಿಂಗ್ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರತ್ತೆ, ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ.

ಗೆಸ್ಟ್ ಯಾರಿಗಾದ್ರೂ ವಾಂತಿ ಭೇದಿ ಆಗಿದ್ರೆ ಆ ರೂಮಿಗೆ ಬಿಕೆಸಿ ನೆಚ್ಕೋಬೇಡಿ. ಕೊಬ್ಬಿನ ಹೊದಿಕೆ ಇರೋ ವೈರಸ್‌ನ ಅದು ಒಡೆಯತ್ತೆ, ನೋರೋವೈರಸ್‌ಗೆ ಆ ಹೊದಿಕೆನೇ ಇಲ್ಲ, ಹಾಗಾಗಿ ನಾಟಲ್ಲ. ಅಲ್ಲಿಗೆ 1000 ಪಿಪಿಎಂಗಿಂತ ಕಮ್ಮಿ ಇಲ್ಲದ ಕ್ಲೋರಿನ್ ಬ್ಲೀಚ್ ಬೇಕು, ಮೊದಲು ಒರೆಸಿ ತೊಳೆದು ಆಮೇಲೆ. ಕುಡಿಯೋ ನೀರಿನ ಟ್ಯಾಂಕಿಗೂ ಬಿಕೆಸಿ ಬೇಡ, ಗೋಡೆ ಉಜ್ಜಿ ಕ್ಲೋರಿನ್ನೇ ಹಾಕಿ.

ಗೋಡೆ ಬೂಷ್ಟು, ಬೀರು ಬೂಷ್ಟು: ಒದ್ದೆ ಬಟ್ಟೇಲಿ ಒರೆಸಿ, 1000 ಪಿಪಿಎಂ ತೆಳ್ಳಗೆ ಬಳಿದು, ಒಣಗಿಸಿ. ಒಣ ಬ್ರಷ್‌ನಲ್ಲಿ ಕೊಡವಬೇಡಿ, ಬೀಜಾಣು ಇಡೀ ರೂಮಿಗೆ ಹಾರತ್ತೆ. ಹಿಂದೆ ನೀರು ಸೋರ್ತಾ ಇದ್ರೆ ಮೊದಲು ಹೆಂಚು ಸರಿ ಮಾಡ್ಸಿ. ಅಂಗಳದ ಹಸಿರು ಪಾಚಿಗೂ ಬಿಕೆಸಿ ನಾಟತ್ತೆ, ಆದ್ರೆ ಮಳೆಗಾಲದಲ್ಲಿ ಹಾಕಿದ್ರೆ ಅದು ನೇರ ಗದ್ದೆಗೆ ತೋಡಿಗೆ ಹೋಗತ್ತೆ, ಅಲ್ಲಿ ತೆಂಗಿನ ಪೊರಕೆಲಿ ಉಜ್ಜೋದೇ ಸರಿ.

ಅಂಟುವಾಳ, ಸೀಗೇಕಾಯಿ ಆಗಲ್ವಾ

ಅಮ್ಮ ಕೇಳಿದ ಪ್ರಶ್ನೆ ಇದು. ಅಂಟುವಾಳದ ನೊರೆ ಕೂಡ ಸರ್ಫ್ಯಾಕ್ಟೆಂಟೇ, ಸಪೋನಿನ್ ಅಂತಾರೆ, ಜಿಡ್ಡು ಎಬ್ಬಿಸೋಕೆ ಒಳ್ಳೇದು, ಕೆಲವು ಶಿಲೀಂಧ್ರದ ಮೇಲೆ ಸ್ವಲ್ಪ ಕೆಲಸನೂ ಮಾಡತ್ತೆ. ಎರಡನೇ ಹೆಜ್ಜೆಗೆ ಧಾರಾಳ ಬಳಸಿ, ನಾಲ್ಕನೇ ಹೆಜ್ಜೆಯ ಬದಲಿಗೆ ಸಾಲಲ್ಲ. ಬ್ಯಾಕ್ಟೀರಿಯಾಗಳೇ ತಯಾರು ಮಾಡೋ ಸರ್ಫ್ಯಾಕ್ಟೆಂಟ್‌ಗಳೂ ಇವೆ, ನನಗೆ ಈ ವಿಷಯದಲ್ಲಿ ತುಂಬಾ ಇಷ್ಟ ಆಗಿದ್ದು ಇದೇ. ಮಣ್ಣಲ್ಲಿರೋ ಬ್ಯಾಸಿಲಸ್ ಸಬ್ಟಿಲಿಸ್ ಅನ್ನೋದು ಸರ್ಫ್ಯಾಕ್ಟಿನ್ ಅಂತ ಒಂದನ್ನ ಬಿಡತ್ತೆ, 1968ರಲ್ಲಿ ಜಪಾನಿನವರು ಕಂಡುಹಿಡಿದಿದ್ದು, ನೀರಿನ ಮೇಲ್ಮೈ ಬಿಗಿತನನ ಅರ್ಧಕ್ಕಿಂತ ಕಮ್ಮಿಗೆ ಇಳಿಸುವಷ್ಟು ಜೋರು. ಮೂತ್ರಕ್ಕೆ ಹಾಕೋ ಕ್ಯಾಥೆಟರ್ ಪೈಪಿಗೆ ಮೊದಲೇ ಸರ್ಫ್ಯಾಕ್ಟಿನ್ ಬಳಿದಿಟ್ರೆ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಲೋಳೆ ಕಟ್ಟೋದು ಕಮ್ಮಿ ಆಗತ್ತೆ ಅಂತ 2001ರಲ್ಲಿ ಪ್ರಯೋಗದಲ್ಲಿ ತೋರಿಸಿದ್ರು. ಕೊಲ್ಲೋದಕ್ಕಿಂತ ಮೊದಲು ಅಂಟದ ಹಾಗೆ ನೋಡ್ಕೊಳ್ಳೋದು. ನಮ್ಮ ಮಟ್ಟಕ್ಕೆ ಅದೇ ಕೆಲಸ ಮಾಡೋದು ಗೀರಿಲ್ಲದ ನುಣುಪು ಸ್ಟೀಲು, ಜಿಡ್ಡಿಲ್ಲದ ಗೋಡೆ, ಒಣಗಿದ ಪಾತ್ರೆ.

ಎಲ್ಲಿ ಚೆಲ್ಲಬಾರದು

ಬೆಕ್ಕು ಇರೋ ಮನೆಯವರು ಗಮನಿಸಿ, ಬಿಕೆಸಿ ಹಾಕಿದ ನೆಲ ತುಳಿದು ಪಾದ ನೆಕ್ಕಿದ್ರೆ ಅದರ ನಾಲಿಗೆ ಬಾಯಿ ಹುಣ್ಣಾಗತ್ತೆ, ಊಟ ಬಿಡತ್ತೆ. ನೀರು ಹಾಕಿ ತೊಳೆದು ಒಣಗೋ ತನಕ ಬೆಕ್ಕು, ನಾಯಿ ಎರಡನ್ನೂ ಹೊರಗಿಡಿ. ಗೋಬರ್ ಗ್ಯಾಸ್ ಗುಂಡಿಗೆ ಕೊಟ್ಟಿಗೆ ತೊಳೆದ ನೀರು ಹೋಗೋ ಹಾಗಿದ್ರೆ ಬಿಕೆಸಿ ನೀರು ಅಲ್ಲಿಗೆ ಬಿಡಬೇಡಿ, ಗ್ಯಾಸ್ ಮಾಡೋದೇ ಸೂಕ್ಷ್ಮಜೀವಿಗಳು, ಅವು ಸತ್ರೆ ಒಲೆ ಉರಿಯಲ್ಲ. ಸೆಪ್ಟಿಕ್ ಟ್ಯಾಂಕಿಗೂ ಬಕೆಟ್‌ಗಟ್ಟಲೆ ಸುರಿಯೋದು ಬೇಡ.

ಎಲ್ಲದಕ್ಕಿಂತ ಮುಖ್ಯ ತೋಡು, ಹೊಳೆ. ಬಿಕೆಸಿ ಮೀನಿಗೆ ತುಂಬಾ ಕಮ್ಮಿ ಪ್ರಮಾಣದಲ್ಲೇ ವಿಷ, ಅಂಟುವಾಳದ ನೊರೆ ಕೂಡ ಹಾಗೇನೇ, ಅದರಿಂದ ಹಿಂದೆ ಮೀನು ಹಿಡೀತಿದ್ದಿದ್ದೇ ಉಂಟು. ನಮ್ಮ ತೋಟದ ತೋಡೆಲ್ಲಾ ಕೊನೆಗೆ ಹಾರಂಗಿಗೋ ಕಾವೇರಿಗೋ ಸೇರೋದು, ದುಬಾರೆ ಕಡೆ ಕಾವೇರಿಲಿ ಮಹಶೀರ್ ಮೀನು ಇದೆ. ಹಾಗಾಗಿ ಬೇಕಾದಷ್ಟೇ ಕಲಸಿ, ಕ್ಯಾನಿಗೆ ಮೂರು ಲೀಟರ್ ಸಾಕು ಅಂದ್ರೆ ಮೂರು ಲೀಟರೇ, ಅಂದ್ರೆ 50 ಪರ್ಸೆಂಟಿಂದು 1.2 ಎಂಎಲ್. ಕ್ಯಾನಿಗೆ ಹಾಕಿ ತೆಗೆದ ನೀರು, ಬಕೆಟಲ್ಲಿ ಉಳಿದಿದ್ದು, ಎರಡಕ್ಕೂ ನೀಲಿ ಬಕೆಟಿನ ಸೋಪು ನೀರು ಬೆರೆಸಿ, ಬೆಳ್ಳಗಾಗಿ ಅದರ ಜೋರು ತಗ್ಗತ್ತೆ, ತೋಡಿಂದ ದೂರ ಒಣ ಮಣ್ಣಿನ ಗುಂಡಿ ಒಂದರಲ್ಲಿ ಇಂಗಿಸಿ, ಮಣ್ಣು ಅದನ್ನ ಗಟ್ಟಿಯಾಗಿ ಹಿಡ್ಕೊಳ್ಳತ್ತೆ. ನಮ್ಮನೇಲಿ ಆ ಗುಂಡಿ ಕೊಟ್ಟಿಗೆ ಹಿಂದಿನ ಸೂರಿನ ಕೆಳಗಿದೆ, ಮಳೆ ನೀರು ಬೀಳಲ್ಲ.